ಶಾಲೆ ಅಂಗಳದ ಪ್ಲಾನ್ ಮಕ್ಕಳ ಕೈಯಲ್ಲೇ ಮಾಡಿಸಿ

ಒಂದರಿಂದ ಮೂರನೇ ಕ್ಲಾಸಿನ ಮಕ್ಕಳನ್ನು "ಅಂಗಳದಲ್ಲಿ ಏನು ಬೇಕು?" ಅಂತ ನೇರವಾಗಿ ಕೇಳಬೇಡಿ. ಜಾರುಬಂಡೆ, ಸ್ವಿಮ್ಮಿಂಗ್ ಪೂಲ್ ಅಂತಲೇ ಪಟ್ಟಿ ಬರುತ್ತೆ. ಎಲ್ಲಿ ಕೂತು ಊಟ ಮಾಡ್ತೀರಿ, ಯಾವ ಮೂಲೆಗೆ ಹೋಗಲ್ಲ, ಯಾಕೆ ಅಂತ ಕೇಳಿ. ಆರಾರು ಮಕ್ಕಳ ಗುಂಪು ಮಾಡಿ, ಅಂಗಳ ಸುತ್ತಿಸಿ, ಇಷ್ಟದ ಜಾಗಕ್ಕೆ ಹಸಿರು ರಿಬ್ಬನ್, ಬೇಡದ ಜಾಗಕ್ಕೆ ಕೆಂಪು ಕಟ್ಟಿಸಿ.

ನೆರಳು ಎಲ್ಲಿ ಬೀಳುತ್ತೆ ಅಂತ ಬೆಳಿಗ್ಗೆ 10, ಮಧ್ಯಾಹ್ನ 12:30, 3 ಗಂಟೆಗೆ ರಂಗೋಲಿ ಪುಡಿಯಲ್ಲಿ ಗೆರೆ ಹಾಕಿಸಿ. ಸುಣ್ಣದ ಪುಡಿ ಬೇಡವೇ ಬೇಡ, ಕಣ್ಣಿಗೆ ಬಿದ್ದರೆ ಸುಡುತ್ತೆ. ಜೋರು ಮಳೆಯ ಮಾರನೇ ದಿನ ನೀರು ನಿಂತ ಜಾಗಗಳನ್ನೂ ಗುರುತಿಸಿ. ಅಲ್ಲಿ ಕಲ್ಲುಬೆಂಚು ಹಾಕಿದರೆ ಮಳೆಗಾಲ ಪೂರ್ತಿ ಕೆಸರಲ್ಲೇ ಇರುತ್ತೆ.

ಕೈ ಎತ್ತಿಸಿ ವೋಟ್ ಹಾಕಿಸಿದರೆ ಗಟ್ಟಿ ದನಿಯ ಮಕ್ಕಳದೇ ಗೆಲುವು. ಪ್ರತಿ ಮಗುವಿಗೂ 3 ಹುಣಸೆಬೀಜ ಕೊಡಿ. ಪ್ರತಿ ಯೋಜನೆಯ ಚಿತ್ರದ ಮುಂದೆ ಒಂದು ಮುಚ್ಚಿದ ಡಬ್ಬ ಇಟ್ಟು, ಇಷ್ಟವಾದ ಯೋಜನೆಯ ಡಬ್ಬಕ್ಕೆ ಬೀಜ ಹಾಕಲು ಒಬ್ಬೊಬ್ಬರನ್ನೇ ಕಳಿಸಿ.

ಗೆದ್ದದ್ದನ್ನು ಅಗೆಯುವ ಮೊದಲು ಹಗ್ಗದಲ್ಲಿ ನಿಜವಾದ ಅಳತೆಗೆ ನೆಲದ ಮೇಲೆ ಹಾಕಿ, ಒಂದು ವಾರ ಬಿಡಿ. ಗೇಟಿನಿಂದ ನಲ್ಲಿಗೆ ಮಕ್ಕಳು ಓಡುವ ದಾರಿಗೆ ಪಾತಿ ಅಡ್ಡ ಬಂದರೆ ಆಗಲೇ ಗೊತ್ತಾಗುತ್ತೆ. ಪಾತಿಯನ್ನು ಸರಿಸಿ, ದಾರಿಯನ್ನಲ್ಲ. ಪಾತಿ 2 ಅಡಿಗಿಂತ ಅಗಲ ಬೇಡ, ಪುಟ್ಟ ಕೈ ನಡುವಿನವರೆಗೆ ಎಟುಕಬೇಕು.

ನೆರಳಿಗೆ ಹೊಂಗೆ ಒಳ್ಳೇದು, ಜೂನ್ ಮಳೆಗೆ ನೆಡಿ. ಕಣಗಿಲೆ ಮಾತ್ರ ಬೇಡ, ಗಿಡವೆಲ್ಲ ವಿಷ. ಬೇಸಿಗೆ ರಜೆಯಲ್ಲಿ ನೀರು ಹಾಕೋರು ಯಾರು ಅನ್ನೋದನ್ನು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಮೊದಲೇ ಬರೆಸಿಡಿ.