ರಾತ್ರಿಯಿಡೀ ಬಯಲಾಟಕ್ಕೆ ಒಂದೇ ಬ್ಯಾಟರಿ: ನನ್ನ ಅನುಭವ

ಯಕ್ಷಗಾನ ಬಯಲಾಟ ರೆಕಾರ್ಡ್ ಮಾಡುವವರಿಗೆಲ್ಲ ಈ ಕಷ್ಟ ಗೊತ್ತು. ರಾತ್ರಿ ಒಂಬತ್ತೂವರೆಗೆ ಶುರುವಾದ ದೇವಿಮಹಾತ್ಮೆ ಮುಗಿಯುವಾಗ ಬೆಳಿಗ್ಗೆ ಆರು. ನನ್ನ ಕ್ಯಾನನ್ 700ಡಿ ಬ್ಯಾಟರಿ ವಿಡಿಯೋಗೆ ಒಂದೂವರೆ ಗಂಟೆ ಬಂದರೆ ಜಾಸ್ತಿ. ಮಹಿಷಾಸುರ ದೊಂದಿ ಹಿಡಿದು ಜನರ ಮಧ್ಯದಿಂದ ನುಗ್ಗಿ ಬರುವ ಹೊತ್ತಿಗೇ ಬ್ಯಾಟರಿ ಬದಲಿಸುತ್ತ ನಿಂತರೆ ಆ ರಾತ್ರಿ ಹೋದ ಹಾಗೇ ಅಲ್ವಾ?

ಎಲ್ಲರೂ ಹೇಳಿದ್ದು ಲೈನ್ ಕರೆಂಟಿನಲ್ಲೇ ಕ್ಯಾಮೆರಾ ಓಡಿಸುವ ಅಡಾಪ್ಟರ್ ತಗೋ ಅಂತ. ಒರಿಜಿನಲ್ ಕಿಟ್‌ಗೆ ಆಗ ಆರೇಳು ಸಾವಿರ ಹೇಳುತ್ತಿದ್ದರು. ಗೆಳೆಯರೊಬ್ಬರದ್ದನ್ನು ಕೇಳಿ ತಂದು ನೋಡಿದೆ. ಕ್ಯಾಮೆರಾ ಚೆನ್ನಾಗಿಯೇ ಓಡಿತು. ಆದರೆ ಮೈಕ್‌ಗಳ ಸದ್ದು ಸೇರಿಸುವ ಮಿಕ್ಸರ್‌ನಿಂದ ಆಡಿಯೋ ಲೈನ್ ಎಳೆದು ಕೊಟ್ಟ ಕೂಡಲೇ ‘ಗುಂಯ್’ ಅಂತ ಸದ್ದು. ಅಡಾಪ್ಟರ್‌ನ ಸಣ್ಣ ಲೀಕೇಜ್ ಕರೆಂಟ್ ಆಡಿಯೋ ಕೇಬಲ್ಲಿನ ಶೀಲ್ಡ್ (ಒಳಗಿನ ವೈರ್ ಸುತ್ತಲಿನ ಲೋಹದ ಹೊದಿಕೆ) ಹಿಡಿದು ಮಿಕ್ಸರ್‌ನ ಅರ್ಥ್‌ಗೆ ಹೋಗುತ್ತದೆ. ಚೆಂಡೆಯ ಅಬ್ಬರದಲ್ಲಿ ಇದು ಕೇಳಿಸುವುದಿಲ್ಲ. ಭಾಗವತರು ನಿಧಾನದ ಪದ್ಯ ಎತ್ತಿಕೊಂಡರೆ ಕಿವಿಗೆ ಚುಚ್ಚುತ್ತದೆ. ಮೇಲಿಂದ ಜನರೇಟರ್ ಒಂದು ಸಲ ಕೆಮ್ಮಿದರೂ ಕ್ಯಾಮೆರಾ ಆಫ್.

ಅದಕ್ಕೇ ಲೈನ್ ಕರೆಂಟಿನ ಗೊಡವೆಯೇ ಬೇಡ ಅಂತ ಯುಪಿಎಸ್‌ನ 12 ವೋಲ್ಟ್ 7 ಎಎಚ್ ಬ್ಯಾಟರಿ ಹಿಡಿದೆ. ಲೆಕ್ಕ ಸುಲಭ. ಅದರಲ್ಲಿ 84 ವ್ಯಾಟ್-ಅವರ್ ಇದೆ, ಕ್ಯಾಮೆರಾದ ಎಲ್‌ಪಿ-ಇ8 ಬ್ಯಾಟರಿಯಲ್ಲಿ ಬರೀ 8. ವಿಡಿಯೋಗೆ ನನ್ನ ಕ್ಯಾಮೆರಾ ಎಳೆಯುವುದು ಸುಮಾರು 5 ವ್ಯಾಟ್. ‘ಹನ್ನೆರಡು ವೋಲ್ಟ್ ತಗೊಂಡು ಹೋಗಿ ಕ್ಯಾಮೆರಾ ಸುಡ್ತೀಯ’ ಅಂದವರೇ ಎಲ್ಲ.

ಮೊದಲು ಆನ್‌ಲೈನ್‌ನಲ್ಲಿ ನಾನೂರು ರೂಪಾಯಿಗೆ ಸಿಕ್ಕ ಡಮ್ಮಿ ಬ್ಯಾಟರಿ ತರಿಸಿದೆ; ಬ್ಯಾಟರಿಯ ಜಾಗದಲ್ಲಿ ಕೂತು ಹೊರಗಿನ ಕರೆಂಟನ್ನು ಕ್ಯಾಮೆರಾಗೆ ಕೊಡುವ ಖಾಲಿ ಡಬ್ಬಿ ಅದು. ವೋಲ್ಟೇಜ್ ಇಳಿಸುವ ಎಲ್‌ಎಂ2596 ಮಾಡ್ಯೂಲನ್ನು ಕ್ಯಾಮೆರಾಗೆ ಹೊಂದುವ 7.6 ವೋಲ್ಟ್‌ಗೆ ತಿರುಗಿಸಿ, ಕೆಳಗೆ ಬ್ಯಾಟರಿ ಪಕ್ಕದಲ್ಲೇ ಇಟ್ಟು, ಮೂರು ಮೀಟರ್ ವೈರ್ ಎಳೆದೆ. ಆನ್ ಮಾಡಿದ ತಕ್ಷಣ ಬ್ಯಾಟರಿ ಗುರುತು ಕೆಂಪು. ಮಾಡ್ಯೂಲ್ ಹತ್ತಿರ ಮೀಟರ್ 7.6 ತೋರಿಸುತ್ತಿತ್ತು, ಕ್ಯಾಮೆರಾ ತುದಿಯಲ್ಲಿ 6.7! ಆ ವೈರ್ ಕೂದಲೆಳೆಯಷ್ಟು ತೆಳು, ಹೋಗಿ ಬರುವ ದಾರಿ ಸೇರಿ ಆರು ಮೀಟರ್. ಮುಕ್ಕಾಲು ಆಂಪ್ ಹರಿದರೂ ಸುಮಾರು ಒಂದು ವೋಲ್ಟ್ ಅಲ್ಲೇ ಸೋರಿಹೋಗುತ್ತದೆ. ವೋಲ್ಟೇಜ್ ಏರಿಸಿ ಅಂತ ಸಲಹೆ ಬಂತು. ಬೇಡ. ಲೋಡ್ ಇಳಿದಾಗ ಅಷ್ಟೂ ಕ್ಯಾಮೆರಾ ಮೇಲೇ ಬೀಳುತ್ತದೆ.

ಮಾಡ್ಯೂಲನ್ನೇ ಮೇಲೆ ತಂದೆ. ಕೆಳಗಿನಿಂದ ಟ್ರೈಪಾಡ್ ತಲೆಯವರೆಗೆ ಬರುವುದು 12 ವೋಲ್ಟ್, ಅಲ್ಲಿ ಅರ್ಧ ವೋಲ್ಟ್ ಸೋರಿದರೂ ತೊಂದರೆಯಿಲ್ಲ. 7.6ಕ್ಕೆ ಇಳಿಯುವುದು ಕ್ಯಾಮೆರಾದಿಂದ ಒಂದಡಿ ದೂರದಲ್ಲಿ. ಔಟ್‌ಪುಟ್‌ಗೆ 1000 ಮೈಕ್ರೋಫ್ಯಾರಡ್ ಕೆಪಾಸಿಟರ್. ನನ್ನ ಪ್ರಕಾರ ಇಡೀ ಕೆಲಸದ ಜೀವಾಳ ಈ ಜಾಗ ಬದಲಾವಣೆಯೇ.

ಸುಡುವ ಭಯಕ್ಕೂ ಉತ್ತರ ಕೊಟ್ಟಿದ್ದೇನೆ. ಈ ಮಾಡ್ಯೂಲ್ ಶಾರ್ಟ್ ಆಗಿ ಸತ್ತರೆ 12 ವೋಲ್ಟ್ ನೇರ ಆಚೆ ಬರುತ್ತದೆ, ಅದು ನಿಜ. ಹಾಗಾಗಿ ಇನ್‌ಪುಟ್‌ನಲ್ಲಿ 2 ಆಂಪ್ ಫ್ಯೂಸ್, ಔಟ್‌ಪುಟ್‌ಗೆ ಅಡ್ಡವಾಗಿ 9.1 ವೋಲ್ಟಿನ 5 ವ್ಯಾಟ್ ಝೀನರ್ ಡಯೋಡ್; ವೋಲ್ಟೇಜ್ ಅದನ್ನು ದಾಟಿದರೆ ಕರೆಂಟನ್ನು ತಾನೇ ಎಳೆದುಕೊಂಡು ಫ್ಯೂಸ್ ಹಾರಿಸುತ್ತದೆ. ಕ್ಯಾಮೆರಾ ಬಿಚ್ಚಿಟ್ಟು, ಮಾಡ್ಯೂಲಿನ ಇನ್‌ಪುಟ್ ಔಟ್‌ಪುಟ್ ಎರಡನ್ನೂ ಬೇಕೆಂದೇ ಜೋಡಿಸಿ ನೋಡಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಫ್ಯೂಸ್ ಹೋಯಿತು. ಅನುಮಾನ ಪಟ್ಟವರ ಎದುರಿಗೇ ಮಾಡಿ ತೋರಿಸಿದೆ.

ಆನ್‌ಲೈನ್ ಡಮ್ಮಿ ಸಡಿಲವಿತ್ತು, ಕೈ ತಾಗಿದರೆ ಕಟ್. ಹಳೆಯ ಎಲ್‌ಪಿ-ಇ8 ಒಂದನ್ನು ಬಿಚ್ಚಿ, ಸೆಲ್ ತೆಗೆದು, ಚಿಪ್ ಇರುವ ಬೋರ್ಡನ್ನು ಹಾಗೇ ಉಳಿಸಿಕೊಂಡು ಡಮ್ಮಿ ಮಾಡಿದೆ. ಸೆಲ್ ತೆಗೆಯುವಾಗ ಸ್ಕ್ರೂಡ್ರೈವರ್ ಚುಚ್ಚಬೇಡಿ, ಪ್ಲಾಸ್ಟಿಕ್ ಪಟ್ಟಿಯಲ್ಲೇ ಮೀಟಿ. ಎರಡು ಸೆಲ್ ನಡುವಿನ ಪಾಯಿಂಟ್‌ಗೆ ಅರ್ಧ ವೋಲ್ಟೇಜ್ ಕಾಣಿಸದಿದ್ದರೆ ಬೋರ್ಡ್ ಏಳುವುದಿಲ್ಲ. ಅದಕ್ಕೆ ಎರಡು ಸಮ ರೆಸಿಸ್ಟರ್ ಸಾಕು. ಎಷ್ಟು ಓಮ್‌ನದ್ದು ಅನ್ನುವುದು ನನ್ನ ಹತ್ತಿರವೇ ಇರಲಿ, ಮೀಟರ್ ಇದ್ದವರಿಗೆ ಒಂದು ಸಂಜೆಯ ಕೆಲಸ.

ನಡುವೆ ಪವರ್ ಬ್ಯಾಂಕನ್ನೂ ಪ್ರಯತ್ನಿಸಿದೆ. ಪವರ್ ಬ್ಯಾಂಕಿನಿಂದ ಹೆಚ್ಚು ವೋಲ್ಟೇಜ್ ಕೇಳಿ ಪಡೆಯುವ ಟ್ರಿಗರ್ ಬೋರ್ಡ್ ಹಾಕಿ 9 ವೋಲ್ಟ್ ತೆಗೆದರೆ ಎಲ್‌ಎಂ2596ಗೆ ಸಾಲುವುದಿಲ್ಲ. ಅದಕ್ಕೆ ಒಂದೂವರೆ ವೋಲ್ಟ್ ತನಗೇ ಬೇಕು, ಫೋಕಸ್ ಮೋಟಾರ್ ತಿರುಗಿದಾಗ 7.6 ನಿಲ್ಲಲಿಲ್ಲ. 12 ವೋಲ್ಟ್ ಕೊಡುವ ಪವರ್ ಬ್ಯಾಂಕ್ ಆದರೆ ಸರಿ, ಬೆಲೆ ಮಾತ್ರ ಎರಡು ಪಟ್ಟು. ಆಡಿಯೋ ರೆಕಾರ್ಡರನ್ನೂ ಇದೇ ಬ್ಯಾಟರಿಗೆ ಸೇರಿಸಿದಾಗ ಸಣ್ಣ ಕೀರಲು ಸದ್ದು ಬಂತು. ಫೆರೈಟ್ ರಿಂಗಿಗೆ ವೈರನ್ನು ನಾಲ್ಕು ಸುತ್ತು ಸುತ್ತಿದರೆ ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ಈಗ ರೆಕಾರ್ಡರ್‌ಗೆ ಅದರದ್ದೇ ಸೆಲ್.

ಖರ್ಚು? ಬ್ಯಾಟರಿ ಸಾವಿರದ ಹತ್ತಿರ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಮಾಡ್ಯೂಲ್, ಝೀನರ್, ಫ್ಯೂಸ್ ಹೋಲ್ಡರ್, ಡಬ್ಬಿ ಎಲ್ಲ ಸೇರಿ ಮುನ್ನೂರು, ಮುನ್ನೂರೈವತ್ತು. ದಪ್ಪ ವೈರ್ ಮನೆಯಲ್ಲಿತ್ತು. ಆ ಆನ್‌ಲೈನ್ ಡಮ್ಮಿಯ ದುಡ್ಡು ಸುಮ್ನೆ ಹೋಯಿತು, ಅದನ್ನು ಸೇರಿಸಿದರೂ ಎರಡು ಸಾವಿರದೊಳಗೆ.

ಕಳೆದ ತಿರುಗಾಟದಲ್ಲಿ, ದೀಪಾವಳಿ ಕಳೆದು ಮೇಳ ಹೊರಟಾಗಿನಿಂದ ಮೇ ಕೊನೆಯಲ್ಲಿ ತಿರುಗಾಟ ಮುಗಿಯುವ ಪತ್ತನಾಜೆಯವರೆಗೆ, ಪವರ್ ಇಲ್ಲದೆ ಕ್ಯಾಮೆರಾ ಒಂದು ಸಲವೂ ನಿಲ್ಲಲಿಲ್ಲ. ‘ಗುಂಯ್’ ಸದ್ದೂ ಇಲ್ಲ. ಬೆಳಿಗ್ಗೆ ಬ್ಯಾಟರಿ 11.8ರ ಆಸುಪಾಸು ಇರುತ್ತದೆ, ಮನೆಗೆ ಬಂದ ಕೂಡಲೇ ಚಾರ್ಜಿಗೆ ಹಾಕುತ್ತೇನೆ. 29 ನಿಮಿಷ 59 ಸೆಕೆಂಡಿಗೆ ನಿಲ್ಲುವ ರೆಕಾರ್ಡಿಂಗ್ ತಾನೇ ಮತ್ತೆ ಶುರುವಾಗಲು ಕ್ಯಾಮೆರಾಗೆ ಮ್ಯಾಜಿಕ್ ಲ್ಯಾಂಟರ್ನ್ ಅನ್ನುವ ಸಾಫ್ಟ್‌ವೇರ್ ಹಾಕಿದ್ದೇನೆ. ಈಗ ನನ್ನನ್ನು ತಡೆಯುವುದು ಕಾರ್ಡ್ ಮಾತ್ರ. 64 ಜಿಬಿ ಎರಡು ತುಂಬಿದರೂ ಪ್ರಸಂಗ ಮುಗಿದಿರುವುದಿಲ್ಲ.