ಮೇ ಕೊನೆಯ ವಾರ: ನಲಿ–ಕಲಿ ಕೊಠಡಿಗೆ ಮಕ್ಕಳನ್ನು ಮತ್ತೆ ಬರಮಾಡಿಕೊಳ್ಳುವ ಬಗೆ

ಹಾವೇರಿ ಜಿಲ್ಲೆಯ ಒಂದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಒಂದರಿಂದ ಮೂರನೆಯ ತರಗತಿಯವರೆಗಿನ ಮಕ್ಕಳನ್ನು ಒಟ್ಟಿಗೆ ಕೂರಿಸಿಕೊಂಡು ಕಲಿಸುವ ನಲಿ–ಕಲಿ ಕೊಠಡಿ ನನ್ನದು. ಬೇಸಿಗೆ ರಜೆ ಮುಗಿದು ಶಾಲೆ ತೆರೆಯುವಾಗ ಚಿಕ್ಕ ಮಕ್ಕಳನ್ನು ಹೇಗೆ ಬರಮಾಡಿಕೊಳ್ಳುತ್ತೀರಿ ಎಂದು ಹೊಸದಾಗಿ ನೇಮಕಗೊಂಡ ಶಿಕ್ಷಕಿಯರು ಕೇಳುತ್ತಿರುತ್ತಾರೆ. ಅವರಿಗೆ ಬಿಡಿಬಿಡಿಯಾಗಿ ಹೇಳುತ್ತ ಬಂದದ್ದನ್ನು ಇಲ್ಲಿ ಒಂದೆಡೆ ಬರೆದಿದ್ದೇನೆ. ತಳಿರು ತೋರಣ, ಹೂವು, ಸಿಹಿಯೂಟ ಎಲ್ಲವೂ ಇರಲಿ, ನಮ್ಮಲ್ಲೂ ಇರುತ್ತವೆ. ಅವುಗಳಿಗಿಂತ ಹೆಚ್ಚಾಗಿ, ಏಪ್ರಿಲ್‌ನಲ್ಲಿ ತಾನು ಕಲಿಕೆಯನ್ನು ಎಲ್ಲಿಗೆ ನಿಲ್ಲಿಸಿ ಹೋಗಿದ್ದೆನೋ ಆ ಜಾಗ ಅಕ್ಕೋರಿಗೆ ಚೆನ್ನಾಗಿ ನೆನಪಿದೆ ಎಂಬ ಭರವಸೆ ಮರಳಿ ಬಂದ ಮಗುವಿಗೆ ಸಿಗಬೇಕು ಎಂಬುದು ನನ್ನ ನಂಬಿಕೆ. ನನ್ನ ತಯಾರಿಯೆಲ್ಲ ಅದರ ಸುತ್ತಲೇ ನಡೆಯುತ್ತದೆ.

ಈ ತಯಾರಿ ಮೇ ತಿಂಗಳಲ್ಲಿ ಶುರುವಾಗುವುದಲ್ಲ, ಏಪ್ರಿಲ್‌ನ ಮೊದಲ ವಾರದಲ್ಲೇ ಶುರುವಾಗುತ್ತದೆ. ನಲಿ–ಕಲಿ ಪದ್ಧತಿ 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಯುನಿಸೆಫ್ ನೆರವಿನಿಂದ, ಆಂಧ್ರದ ಋಷಿ ವ್ಯಾಲಿಯ ಗ್ರಾಮೀಣ ಶಾಲೆಗಳ ಪ್ರೇರಣೆಯಿಂದ ಮೊದಲಾಗಿ, 2009–10ರ ಹೊತ್ತಿಗೆ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಹರಡಿತು. ಅದರ ಜೀವಾಳವಿರುವುದು ಕಲಿಕಾ ಏಣಿಯಲ್ಲಿ. ಅದರ ಒಂದೊಂದು ಮೆಟ್ಟಿಲೂ ಒಂದು ಕಾರ್ಡಿನ ಚಟುವಟಿಕೆ, ಕೆಲವು ಮೆಟ್ಟಿಲು ಸೇರಿದರೆ ಒಂದು ಮೈಲಿಗಲ್ಲು. ಮಗು ತನ್ನ ವೇಗದಲ್ಲಿ ಒಂದೊಂದೇ ಮೆಟ್ಟಿಲು ಹತ್ತುತ್ತ, ಮೈಲಿಗಲ್ಲುಗಳನ್ನು ದಾಟುತ್ತ ಹೋಗುತ್ತದೆ; ಜ್ವರ ಬಂದು ಹದಿನೈದು ದಿನ ತಪ್ಪಿಸಿದ ಮಗುವೂ ಮರಳಿ ಬಂದಾಗ ತಾನು ನಿಂತ ಮೆಟ್ಟಿಲಿನಿಂದಲೇ ಮುಂದುವರಿಯುತ್ತದೆ. ಹದಿನೈದು ದಿನಕ್ಕೆ ಸಲ್ಲುವ ನಿಯಮ ಬೇಸಿಗೆ ರಜೆಗೂ ಸಲ್ಲಬೇಕಲ್ಲವೇ? ಹೊಸ ವರ್ಷವೆಂದು ಎಲ್ಲರನ್ನೂ ಮೊದಲ ಪುಟಕ್ಕೆ ತಂದು ನಿಲ್ಲಿಸಿದರೆ ಮುಂದೆ ಹೋದ ಮಗುವಿಗೆ ಬೇಸರ, ಹಿಂದೆ ಉಳಿದ ಮಗುವಿಗೆ ಅವಮಾನ.

ಆದ್ದರಿಂದ ರಜೆ ಕೊಡುವ ಮೊದಲು, ಯಾವ ಮಗು ಎಲ್ಲಿಗೆ ಬಂದಿದೆ ಎಂದು ತೋರಿಸುವ ಪ್ರಗತಿ ನೋಟದ ಪಟ್ಟಿಯಲ್ಲಿ ಗುರುತು ಹಾಕುವುದರ ಜೊತೆಗೆ ನನ್ನದೇ ಒಂದು ನೋಟ್‌ಬುಕ್ಕಿನಲ್ಲಿ ಪ್ರತಿ ಮಗುವಿಗೂ ಒಂದು ಪುಟ ಇಡುತ್ತೇನೆ. ಕನ್ನಡದಲ್ಲಿ ಯಾವ ಮೈಲಿಗಲ್ಲು, ಗಣಿತದಲ್ಲಿ ಯಾವ ಮೆಟ್ಟಿಲು, ಯಾವ ಕಾಗುಣಿತದಲ್ಲಿ ತಡವರಿಸುತ್ತದೆ, ಕೊನೆಯ ದಿನ ಯಾವ ಕಾರ್ಡು ಕೈಯಲ್ಲಿತ್ತು ಎಂಬುದನ್ನು ಬರೆಯುತ್ತೇನೆ. ಅದರ ಕೆಳಗೆ ಕಲಿಕೆಗೆ ಸಂಬಂಧವಿಲ್ಲದ ಒಂದು ಸಾಲು: ‘ಮುಂದಿನ ಹಲ್ಲು ಅಲುಗಾಡುತ್ತಿದೆ’, ‘ಮನೆಯಲ್ಲಿ ಎಮ್ಮೆ ಈಯುವುದಿದೆ’, ‘ಅಕ್ಕನ ಮದುವೆ ಮೇ ತಿಂಗಳಲ್ಲಿ’. ಶಾಲೆ ತೆರೆದ ದಿನ ಈ ಸಾಲಿನಷ್ಟು ಉಪಯೋಗಕ್ಕೆ ಬರುವುದು ಬೇರೊಂದಿಲ್ಲ. ‘ರಜೆ ಹೆಂಗಾತು’ ಎಂದು ಕೇಳಿದರೆ ಆರು ವರ್ಷದ ಮಗು ತಲೆ ತಗ್ಗಿಸಿ ನಿಲ್ಲುತ್ತದೆ. ‘ನಿಮ್ಮ ಎಮ್ಮಿ ಹೆಣಗರಾ ಹಾಕ್ತೋ, ಕೋಣಗರಾನೋ?’ ಎಂದು ಕೇಳಿದರೆ ಊಟದ ಗಂಟೆ ಬಾರಿಸುವವರೆಗೂ ಮಾತು ನಿಲ್ಲಿಸುವುದಿಲ್ಲ.

ಶಾಲೆ ತೆರೆಯುವ ಮುನ್ನಾ ದಿನಗಳಲ್ಲಿ ಕೊಠಡಿಯನ್ನು ಸ್ವಚ್ಛಗೊಳಿಸುವಾಗ ಮಕ್ಕಳ ಹಳೆಯ ಕೆಲಸವನ್ನು ಕಿತ್ತುಹಾಕದಂತೆ ನೋಡಿಕೊಳ್ಳುತ್ತೇನೆ. ತಲೆಯ ಮೇಲೆ ದಾರ ಕಟ್ಟಿ ಮಕ್ಕಳ ಚಿತ್ರ, ಕಾಗದದ ಗೊಂಬೆ, ಪದಪಟ್ಟಿಗಳನ್ನು ತೂಗುಬಿಟ್ಟಿರುವ ಚಪ್ಪರ ಏಪ್ರಿಲ್‌ನಲ್ಲಿ ಹೇಗಿತ್ತೋ ಹಾಗೆಯೇ ಇರಬೇಕು. ಧೂಳು ಝಾಡಿಸಿದರೆ ಸಾಕು. ಬಾಗಿಲು ದಾಟಿದ ಮಗುವಿನ ಕಣ್ಣು ಮೊದಲು ಹೋಗುವುದು ಮೇಲಕ್ಕೆ, ತನ್ನ ಚಿತ್ರ ಇದೆಯೋ ಇಲ್ಲವೋ ಎಂದು. ಗೋಡೆಯ ಕೆಳಭಾಗದ ಕಪ್ಪು ಹಲಗೆಗೆ ಮಾತ್ರ ಹೊಸದಾಗಿ ಬಣ್ಣ ಬಳಿಸಿ, ಪ್ರತಿ ಮಗುವಿಗೂ ಒಂದೊಂದು ಚೌಕ ಗೆರೆ ಹಾಕಿ, ಹಳೆಯ ಮಕ್ಕಳ ಹೆಸರನ್ನು ಅದೇ ಚೌಕದಲ್ಲಿ ಬರೆದು, ಹೊಸಬರಿಗೆ ಬಾಗಿಲ ಬಳಿಯ ಚೌಕಗಳನ್ನು ಕೊಡುತ್ತೇನೆ. ಅಡುಗೆಯ ಅಕ್ಕಂದಿರು ನೀರಿನ ಟ್ಯಾಂಕು ತೊಳೆಯಿಸಿ, ಉಳಿದ ಬೇಳೆಯಲ್ಲಿ ಹುಳ ಬಿದ್ದಿದೆಯೇ ಎಂದು ಜರಡಿ ಹಿಡಿದು ನೋಡುವುದೂ ಇದೇ ದಿನಗಳಲ್ಲಿ.

ಪ್ರಾರಂಭೋತ್ಸವದ ದಿನ ನಮ್ಮೂರಿನಲ್ಲಿ ಚಕ್ಕಡಿ ಶೃಂಗರಿಸಿ, ಹೊಸ ಮಕ್ಕಳನ್ನು ಅದರಲ್ಲಿ ಕೂರಿಸಿ, ಹಲಗೆ ಬಾರಿಸುತ್ತ ಓಣಿಯಲ್ಲಿ ಮೆರವಣಿಗೆ ತರುತ್ತಾರೆ. ಶಾಲೆಯ ಉಸ್ತುವಾರಿ ನೋಡುವ ಪಾಲಕರ ಸಮಿತಿಯಾದ ಎಸ್‌ಡಿಎಂಸಿಯ ಸದಸ್ಯರ ಉತ್ಸಾಹ ದೊಡ್ಡದು, ಅದಕ್ಕೆ ನಾನು ಅಡ್ಡಿಪಡಿಸುವುದಿಲ್ಲ. ಆದರೆ ಹಲಗೆಯ ಸದ್ದು ಗೇಟಿನ ಹೊರಗೇ ನಿಲ್ಲಲಿ, ಭಾಷಣ ಬಿಸಿಲೇರುವುದರೊಳಗೆ ಮುಗಿಯಲಿ ಎಂದು ಮೊದಲೇ ವಿನಂತಿಸಿಕೊಳ್ಳುತ್ತೇನೆ. ಅಂಗನವಾಡಿಯ ಚಿಕ್ಕ ಕೋಣೆಯಿಂದ ಬಂದ ಮಗುವಿಗೆ ಶಾಲೆಯ ಅಂಗಳವೇ ದೊಡ್ಡದಾಗಿ ಕಾಣುತ್ತದೆ. ಅದರ ಮೇಲೆ ಧ್ವನಿವರ್ಧಕವೂ ಸೇರಿದರೆ ಅಮ್ಮನ ಸೆರಗು ಬಿಡುವುದಿಲ್ಲ.

ಮೊದಲ ದಿನ ನಾನು ಅತ್ಯಂತ ಮುತುವರ್ಜಿಯಿಂದ ಮಾಡುವ ಕೆಲಸ ಯಾವ ಆಮಂತ್ರಣ ಪತ್ರಿಕೆಯಲ್ಲೂ ಇರುವುದಿಲ್ಲ, ಅದು ಹೊಸ ಮಕ್ಕಳಿಗೆ ಶೌಚಾಲಯ ತೋರಿಸುವುದು. ಎಲ್ಲಿದೆ ಎಂದು ಬೆರಳು ತೋರಿಸಿದರೆ ಸಾಲದು. ನಾಲ್ಕು ನಾಲ್ಕು ಮಕ್ಕಳನ್ನು ಕರೆದುಕೊಂಡು ಹೋಗಿ, ಬಾಗಿಲು ದೂಡಿ ತೆರೆಯಲು, ಚಿಲಕ ಹಾಕಲು ಮತ್ತು ತೆಗೆಯಲು, ನಲ್ಲಿ ತಿರುಗಿಸಲು, ಮಗ್ಗಿನಲ್ಲಿ ನೀರು ಹಾಕಲು ಪ್ರತಿಯೊಬ್ಬರಿಂದಲೂ ಮಾಡಿಸಿ ನೋಡುತ್ತೇನೆ. ಚಿಲಕ ಎತ್ತರದಲ್ಲಿದ್ದರೆ ಕೈಗೆಟುಕುವಂತೆ ಕೆಳಗೊಂದು ಹಾಕಿಸಿದ್ದೇನೆ. ಒಳಗೆ ಸಿಕ್ಕಿಕೊಂಡೇನು ಎಂಬ ಹೆದರಿಕೆಯಿಂದ ಬೆಳಗಿನಿಂದ ಸಂಜೆಯವರೆಗೆ ತಡೆದುಕೊಂಡು ಕೂರುವ ಮಕ್ಕಳಿದ್ದಾರೆ. ಅಂಥ ಮಗುವಿಗೆ ಹಾಡೂ ಬೇಡ, ಕಥೆಯೂ ಬೇಡ. ಹೊಟ್ಟೆನೋವೆಂದು ಮರುದಿನ ಮನೆಯಲ್ಲೇ ಉಳಿದ ಹಲವು ಪ್ರಸಂಗಗಳ ಹಿಂದೆ ನಾನು ಕಂಡ ಕಾರಣ ಇದೇ. ಶೌಚಕ್ಕೆ ಹೋಗಲು ಅನುಮತಿ ಕೇಳಬೇಕಾಗಿಲ್ಲ, ಬಾಗಿಲ ಪಕ್ಕ ತೂಗುಹಾಕಿದ ಕೆಂಪು ಪಟ್ಟಿಯನ್ನು ತಿರುಗಿಸಿಟ್ಟು ಹೋಗಿ ಬಂದರೆ ಸಾಕು ಎಂಬ ರೂಢಿಯನ್ನೂ ಅಂದೇ ಹಾಕುತ್ತೇನೆ.

ಇದನ್ನೆಲ್ಲ ನಾನೊಬ್ಬಳೇ ಮಾಡುವುದಿಲ್ಲ. ಮೂರೂ ತರಗತಿಗಳ ಮಕ್ಕಳು ಒಂದೇ ಕೊಠಡಿಯಲ್ಲಿರುವುದನ್ನು ಹಲವರು ಕಷ್ಟವೆಂದು ಹೇಳುತ್ತಾರೆ. ವರ್ಷದ ಆರಂಭದಲ್ಲಂತೂ ಅದು ದೊಡ್ಡ ಅನುಕೂಲ. ಮೂರನೆಯ ತರಗತಿಗೆ ಬಂದ ಪ್ರತಿ ಮಗುವಿಗೂ ಒಂದನೆಯ ತರಗತಿಯ ಒಂದು ಮಗುವನ್ನು ಜೊತೆ ಮಾಡುತ್ತೇನೆ. ಜಾಣ ಮಗುವಿಗೆ ಹಿಂದುಳಿದ ಮಗು ಎಂಬ ಲೆಕ್ಕ ಹಾಕದೆ, ಒಂದೇ ಓಣಿಯವರನ್ನು ಜೊತೆ ಮಾಡುತ್ತೇನೆ, ಏಕೆಂದರೆ ಬೆಳಿಗ್ಗೆ ಮನೆಯಿಂದ ಕರೆತರುವುದೂ ಸಂಜೆ ಬಿಟ್ಟುಬರುವುದೂ ಅದರಲ್ಲೇ ಆಗಿಹೋಗುತ್ತದೆ. ಕಳೆದ ವರ್ಷ ಒಬ್ಬ ಹುಡುಗಿ ತನ್ನ ಪಾಲಿನ ಪುಟ್ಟ ಹುಡುಗನನ್ನು, ಮೋಡ, ಮಳೆಯಂಥ ಚಿತ್ರಗಳ ಕಡೆಗೆ ಮುಳ್ಳು ತಿರುಗಿಸುವ ಹವಾಮಾನ ನಕ್ಷೆಯ ಮುಂದೆ ನಿಲ್ಲಿಸಿಕೊಂಡು, ‘ಹೊರಗ ಹೋಗಿ ಮ್ಯಾಲ ನೋಡಿ ಬಾ, ನೋಡಲಾರ್ದ ಮುಳ್ಳು ತಿರಗಸಬ್ಯಾಡ’ ಎಂದು ಕಳಿಸಿದಳು. ಅವನು ಅಂಗಳಕ್ಕೆ ಓಡಿ, ಕತ್ತೆತ್ತಿ ಬಹಳ ಹೊತ್ತು ನಿಂತು, ಬಂದು ಮೋಡದ ಚಿತ್ರದ ಕಡೆಗೆ ಮುಳ್ಳು ತಿರುಗಿಸಿದ. ಅಲ್ಲಿಯವರೆಗೆ ಬಾಯಿಬಿಡದ ಹುಡುಗ, ಒಂದು ತಾಸು ಕಳೆದು ಹನಿ ಬಿದ್ದಾಗ, ಯಾರೂ ಹೇಳದೆಯೇ ಎದ್ದುಹೋಗಿ ಅದನ್ನು ಮಳೆಯ ಕಡೆಗೆ ತಿರುಗಿಸಿ ಬಂದ. ಆ ಹುಡುಗಿಗೂ ಓದು ಅಷ್ಟು ಸುಲಭವಾಗಿರಲಿಲ್ಲ. ಕಲಿಸುವ ಹೊಣೆ ಸಿಕ್ಕಿದ್ದರಿಂದ ಅವಳ ಹಾಜರಿಯೇ ಬದಲಾಯಿತು.

ಅಳುವ ಮಕ್ಕಳ ವಿಷಯದಲ್ಲಿ ನನ್ನ ರೀತಿ ಸರಳ. ಅಮ್ಮನೋ ಅಜ್ಜಿಯೋ ಬೇಕಿದ್ದರೆ ಶಾಲೆಯಲ್ಲಿ ಮಕ್ಕಳಿಗೆ ಹಾಲು ಕೊಡುವ ಹೊತ್ತಿನವರೆಗೂ ಒಳಗೆ ಕೂರಬಹುದು. ಕಿಟಕಿಯಲ್ಲಿ ನಿಂತು ಇಣುಕುವುದು ಮಾತ್ರ ಬೇಡ. ಹೋಗುವಾಗ ಮಗುವಿಗೆ ಹೇಳಿಯೇ ಹೋಗಬೇಕು. ಕಣ್ಣು ತಪ್ಪಿಸಿ ಎದ್ದುಹೋದ ತಾಯಿಯನ್ನು ಮಗು ಮರುದಿನ ಇನ್ನಷ್ಟು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಕೂಲಿಗೆ ಹೋಗುವ ತಾಯಂದಿರಿಗೆ ಕೂರಲು ಪುರುಸೊತ್ತಿರುವುದಿಲ್ಲ, ಅವರ ಮಕ್ಕಳನ್ನು ಅಡುಗೆಯ ಅಕ್ಕನ ಬಳಿ ಕೂರಿಸಿ ಬೆಳ್ಳುಳ್ಳಿ ಬಿಡಿಸಲು ಕೊಡುತ್ತೇವೆ. ಕೈಗೆ ಕೆಲಸ ಸಿಕ್ಕರೆ ಅಳು ತಾನಾಗಿ ನಿಲ್ಲುತ್ತದೆ. ತಾಂಡಾದಿಂದ ಬರುವ ಲಂಬಾಣಿ ಮಕ್ಕಳಿಗೆ ಮೊದಲ ವಾರಗಳಲ್ಲಿ ಕನ್ನಡ ಅರ್ಧ ಅರ್ಥವಾಗುತ್ತದೆ, ಅರ್ಧ ಆಗುವುದಿಲ್ಲ. ನೀರು, ಹಸಿವು, ಅವ್ವ, ಮನೆ, ನೋವು ಇಷ್ಟನ್ನು ಅವರ ಮಾತಿನಲ್ಲಿ ತಿಳಿದುಕೊಂಡಿದ್ದೇನೆ. ಉಳಿದದ್ದಕ್ಕೆ ತಾಂಡಾದ ದೊಡ್ಡ ಮಕ್ಕಳಿದ್ದಾರೆ.

ಇನ್ನು ಕಲಿಕೆಯ ಮಾತು. ವರ್ಷದ ಆರಂಭದಲ್ಲಿ ಹಿಂದಿನ ತರಗತಿಯ ಕಲಿಕೆಯನ್ನು ನೆನಪಿಸಿ ಹೊಸದಕ್ಕೆ ಜೋಡಿಸುವ ಸೇತುಬಂಧ ನಡೆಸಬೇಕು, ಅದಕ್ಕೆ ಮೊದಲು ಪೂರ್ವ ಪರೀಕ್ಷೆ, ಕೊನೆಗೆ ಎಷ್ಟು ಕಲಿತರೆಂದು ನೋಡುವ ಸಾಫಲ್ಯ ಪರೀಕ್ಷೆ ಇರುತ್ತದೆ. ಒಂದನೆಯ ತರಗತಿಗೆ ಆಟದ ಮೂಲಕ ಶಾಲೆಗೆ ಒಗ್ಗಿಸುವ ವಿದ್ಯಾಪ್ರವೇಶದ ಚಟುವಟಿಕೆಗಳು ಬಂದ ಮೇಲೆ ಬಹಳ ಒಳ್ಳೆಯದಾಗಿದೆ. ಬಂದ ವಾರವೇ ಸ್ಲೇಟು ಹಿಡಿಸಿ ರ, ಗ, ಸ, ದ, ಅ ತಿದ್ದಿಸಬೇಕೆಂಬ ಪಾಲಕರ ಒತ್ತಾಯಕ್ಕೆ ಈಗ ಉತ್ತರ ಕೊಡುವುದು ಸುಲಭ. ಎರಡು ಮತ್ತು ಮೂರನೆಯ ತರಗತಿಯವರ ಪೂರ್ವ ಪರೀಕ್ಷೆಯನ್ನು ನಾನು ಕಾಗದ ಕೊಟ್ಟು ಶುರುಮಾಡುವುದಿಲ್ಲ. ಮೊದಲ ವಾರವೆಲ್ಲ ಹಾಡು, ಕಥೆ, ಗೋಲಿ, ಅಣ್ಣೆಕಲ್ಲಿನ ಆಟಗಳಲ್ಲೇ ಕಳೆಯುತ್ತ, ಸೊಂಟದಲ್ಲಿ ಸಿಕ್ಕಿಸಿಕೊಂಡ ಅದೇ ನೋಟ್‌ಬುಕ್ಕಿನಲ್ಲಿ ಕಂಡದ್ದನ್ನು ಬರೆದುಕೊಳ್ಳುತ್ತೇನೆ. ರಜೆಯಲ್ಲಿ ಮಕ್ಕಳು ಎಲ್ಲವನ್ನೂ ಮರೆಯುವುದಿಲ್ಲ. ಅಭಿನಯದ ಹಾಡು ಒಂದಕ್ಷರವೂ ತಪ್ಪದೆ ಉಳಿದಿರುತ್ತದೆ. ಮೂಲಾಕ್ಷರಗಳು ಬಹುಪಾಲು ಉಳಿದಿರುತ್ತವೆ. ಜಾರಿಹೋಗುವುದು ಒತ್ತಕ್ಷರ, ದೀರ್ಘಗಳು, ಮತ್ತು ದಶಕ ಬಿಡಿಸಿಕೊಂಡು ಕಳೆಯುವ ಲೆಕ್ಕ.

ಒಬ್ಬ ಹುಡುಗ ಎಪ್ರಿಲ್‌ನಲ್ಲಿ ಸರಿಯಾಗಿ ಮಾಡುತ್ತಿದ್ದ ಕಳೆಯುವ ಲೆಕ್ಕವನ್ನು ಜೂನ್‌ನಲ್ಲಿ ಕೊಟ್ಟಾಗ, 32ರಲ್ಲಿ 15 ಕಳೆದು 23 ಎಂದು ಬರೆದ. ಎರಡರಲ್ಲಿ ಐದು ಹೋಗುವುದಿಲ್ಲವೆಂದು ಐದರಲ್ಲೇ ಎರಡನ್ನು ಕಳೆದಿದ್ದ. ನಾನು ಅದನ್ನು ತಪ್ಪೆಂದು ಗುರುತು ಹಾಕದೆ, ಹುಣಸೆ ಬೀಜದ ಡಬ್ಬಿ ತಂದು, ಹತ್ತರ ಮೂರು ಪೊಟ್ಟಣ ಮತ್ತು ಎರಡು ಬಿಡಿ ಬೀಜಗಳನ್ನು ಅವನ ಮುಂದಿಟ್ಟು, ‘ಹದಿನೈದು ಕೊಡಪಾ’ ಎಂದೆ. ಒಂದು ಪೊಟ್ಟಣ ಎತ್ತಿಕೊಟ್ಟ, ಕೈಯಲ್ಲಿದ್ದ ಎರಡು ಬೀಜ ನೋಡಿದ, ಇನ್ನೊಂದು ಪೊಟ್ಟಣವನ್ನು ಹಲ್ಲಿನಿಂದ ಕಚ್ಚಿ ಬಿಚ್ಚಿದ. ಉಳಿದದ್ದನ್ನು ಎಣಿಸಿ ಹದಿನೇಳು ಎಂದು ಹೇಳಿದವನು, ನಾನು ಹೇಳುವ ಮೊದಲೇ ಸ್ಲೇಟಿನ ಮೇಲಿನ 23ನ್ನು ಅಂಗೈಯಿಂದ ಒರೆಸಿದ. ಅವನಿಗೆ ಲೆಕ್ಕ ಮರೆತಿರಲಿಲ್ಲ, ಅದನ್ನು ಬರೆಯುವ ಕ್ರಮವಷ್ಟೇ ಮರೆತಿತ್ತು. ಇಂಥದ್ದು ತಿಳಿಯುವುದು ಪಕ್ಕದಲ್ಲಿ ಕುಳಿತಾಗ. ಉತ್ತರ ಪತ್ರಿಕೆಯಲ್ಲಿ ಅದು ಬರೀ ತಪ್ಪು ಉತ್ತರ. ಹೀಗೆ ನೋಡಿಕೊಂಡ ಮೇಲೆಯೇ ಶಿಕ್ಷಕರ ನೆರವಿನಿಂದ ಕಲಿಯುವವರಿಂದ ಹಿಡಿದು ತಾವಾಗಿಯೇ ಕಲಿಯುವವರವರೆಗಿನ ಐದು ಗುಂಪುಗಳಲ್ಲಿ, ಅಂದರೆ ಗುಂಪಿನ ತಟ್ಟೆಗಳಲ್ಲಿ, ಮಕ್ಕಳನ್ನು ಹಂಚುತ್ತೇನೆ, ಮತ್ತು ಮೊದಲ ದಿನಗಳಲ್ಲಿ ಪ್ರತಿ ಮಗುವಿಗೂ ಅದಕ್ಕೆ ಖಂಡಿತ ಬರುವ ಒಂದು ಕಾರ್ಡನ್ನೇ ಮೊದಲು ಕೊಡುತ್ತೇನೆ.

ಸಮವಸ್ತ್ರ, ಪುಸ್ತಕಕ್ಕೆ ನಾನು ಕಾಯುವುದಿಲ್ಲ. ಗಿಡ್ಡವಾದ ಹಳೆಯ ಅಂಗಿಯಲ್ಲಿ ಬಂದರೂ, ಮದುವೆಯ ಬಣ್ಣದ ಅಂಗಿಯಲ್ಲಿ ಬಂದರೂ ಆ ಬಗ್ಗೆ ಒಂದು ಮಾತೂ ಇಲ್ಲ.

ಕೊನೆಗೆ ತಡವಾಗಿ ಬರುವ ಮಕ್ಕಳು. ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ ಎಂದು ನಮ್ಮ ಕಡೆ ಹೇಳುತ್ತಾರೆ; ಶಾಲೆ ತೆರೆಯುವುದೂ ಅದೇ ಮಳೆಯ ಹೊತ್ತಿಗೆ. ಗೋವಿನಜೋಳ, ಹತ್ತಿ ಬಿತ್ತುವ ಭರಾಟೆಯಲ್ಲಿ ದೊಡ್ಡವರೆಲ್ಲ ಹೊಲದಲ್ಲಿರುತ್ತಾರೆ, ಎಂಟು ವರ್ಷದ ಹುಡುಗಿ ಕೂಸನ್ನು ನೋಡಿಕೊಂಡು ಮನೆಯಲ್ಲಿರುತ್ತಾಳೆ. ದುಡಿಯಲು ಊರು ಬಿಟ್ಟುಹೋದವರ ಮಕ್ಕಳು ಜೂನ್ ಮುಗಿಯುವ ಹೊತ್ತಿಗೆ ಒಬ್ಬೊಬ್ಬರಾಗಿ ಬರುತ್ತಾರೆ. ಸಂಜೆ ಶಾಲೆ ಬಿಟ್ಟ ಮೇಲೆ ಅಂಥ ಮನೆಗಳಿಗೆ ಹೋಗುತ್ತೇನೆ, ‘ಯಾಕ ಕಳಸಿಲ್ಲ’ ಎಂದು ಕೇಳಲು ಅಲ್ಲ, ಮಗುವಿನ ಅರ್ಧಕ್ಕೆ ನಿಂತ ಕಾರ್ಡು ಅಥವಾ ಅಭ್ಯಾಸ ಪುಸ್ತಕವನ್ನು ಕೈಯಲ್ಲಿ ಹಿಡಿದುಕೊಂಡು. ‘ಯವ್ವಾ, ನಿನ್ನ ಮಗಳು ಇಷ್ಟು ಓದ್ಯಾಳ, ಇನ್ನ ಇಷ್ಟ ಉಳದೈತಿ’ ಎಂದು ತೋರಿಸಿದರೆ ಓದು ಬಾರದ ತಾಯಿಗೂ ಅದು ಕಾಣುತ್ತದೆ. ಕೂಸನ್ನು ಅಂಗನವಾಡಿಗೆ ಬಿಡುವ ಏರ್ಪಾಟನ್ನು ಅಲ್ಲಿಯ ಕಾರ್ಯಕರ್ತೆಯ ಜೊತೆ ಮಾತನಾಡಿ ಮಾಡಿಕೊಡುತ್ತೇನೆ. ಜುಲೈಯಲ್ಲಿ ಬಂದ ಮಗುವಿಗೂ ಕಪ್ಪು ಹಲಗೆಯಲ್ಲಿ ಅದರ ಹೆಸರಿನ ಚೌಕ ಖಾಲಿಯಾಗಿಯೇ ಇರುತ್ತದೆ. ಅಲ್ಲಿ ಬೇರೆ ಯಾರೂ ಬರೆಯದಂತೆ ಮಕ್ಕಳೇ ಕಾಯುತ್ತಾರೆ, ಮತ್ತು ಮರುದಿನದಿಂದ ಆ ಮಗುವಿನ ಸೇತುಬಂಧ ಅದಕ್ಕೆಂದೇ ಬೇರೆಯಾಗಿ ಶುರುವಾಗುತ್ತದೆ.