ಬೀಫ್ ರೋಸ್ಟ್‌ಗೆ ಮನೆಯಲ್ಲೇ ಮ್ಯಾರಿನೇಡ್: ಏನು ಹಾಕಬೇಕು, ಎಷ್ಟು ಹೊತ್ತು ಇಡಬೇಕು?

ಬೀಫ್ ರೋಸ್ಟ್ ಮಾಡಬೇಕು ಅಂದ ಕೂಡಲೇ ಬರುವ ಪ್ರಶ್ನೆ ಒಂದೇ. ಏನು ಹಚ್ಚಿಟ್ಟರೆ ಮಾಂಸ ಮೆತ್ತಗಾಗುತ್ತದೆ? ಒಬ್ಬರು ವಿನೆಗರ್ ಅನ್ನುತ್ತಾರೆ, ಇನ್ನೊಬ್ಬರು ಪರಂಗಿ ಕಾಯಿ ಅನ್ನುತ್ತಾರೆ, ಮತ್ತೊಬ್ಬರು ಮೊಸರು. ಆದರೆ ಒಂದು ಕಿಲೋದ ಇಡೀ ತುಂಡನ್ನು ಮೆತ್ತಗೆ ಮಾಡುವುದು ಇವು ಯಾವುವೂ ಅಲ್ಲ, ಸಣ್ಣ ಉರಿ. ಮ್ಯಾರಿನೇಡ್‌ನ ಕೆಲಸ ಬೇರೆ. ಉಪ್ಪನ್ನು ಒಳಗೆ ಇಳಿಸುವುದು, ಹೊರಗಿನ ಪದರಕ್ಕೆ ರುಚಿ ಹತ್ತಿಸುವುದು, ಆಮೇಲೆ ಗ್ರೇವಿಗೆ ಸಾರ ಕೊಡುವುದು. ಇಷ್ಟು ಗೊತ್ತಿದ್ದರೆ ಯಾವುದನ್ನು ಎಷ್ಟು ಹಾಕಬೇಕು ಅನ್ನುವ ಗೊಂದಲ ಅರ್ಧ ಕಳೆಯಿತು.

ಇಲ್ಲಿ ಹೇಳುತ್ತಿರುವುದು ಮಂಗಳೂರು ಕಡೆಯ ಕ್ರೈಸ್ತರ ಮನೆಗಳಲ್ಲಿ ಮಾಡುವ ಬಗೆಯ ರೋಸ್ಟ್. ಇದರ ಬೇರು ಗೋವಾದಲ್ಲಿದೆ. ಪೋರ್ಚುಗೀಸರು ತಮ್ಮ ಊರಲ್ಲಿ ಮಾಂಸವನ್ನು ವೈನ್ ಮತ್ತು ಬೆಳ್ಳುಳ್ಳಿಯಲ್ಲಿ ನೆನೆಸಿಡುತ್ತಿದ್ದರು. ನಮ್ಮ ಕರಾವಳಿಯಲ್ಲಿ ವೈನ್ ಎಲ್ಲಿಂದ ಬರಬೇಕು? ತೆಂಗಿನ ಕಳ್ಳು ಮಾತ್ರ ಬೇಕಾದಷ್ಟಿತ್ತು. ಅದು ಹುಳಿ ಬಂದರೆ ವಿನೆಗರ್. ಗೋವಾದ ಹುಳಿ ಖಾರದ ಮಾಂಸದಡುಗೆ ವಿಂದಾಲೂ ಹುಟ್ಟಿದ್ದು ಈ ಅದಲು ಬದಲಿನಿಂದಲೇ. ರೋಸ್ಟ್ ಕೂಡ ಅದೇ ಮನೆತನದ್ದು. ಇದರಲ್ಲಿ ಒಣ ಮೆಣಸಿನಕಾಯಿ ಕಡಿಮೆ, ಕಾಳುಮೆಣಸು ಜಾಸ್ತಿ.

ಮೊದಲು ಮಾಂಸ

ಕರ್ನಾಟಕದಲ್ಲಿ 2021ರಿಂದ ಜಾರಿಯಲ್ಲಿರುವ ಕಾನೂನಿನ ಪ್ರಕಾರ ದನ, ಎತ್ತು, ಕರುಗಳನ್ನು ಕಡಿಯುವಂತಿಲ್ಲ. 13 ವರ್ಷ ದಾಟಿದ ಎಮ್ಮೆ, ಕೋಣಗಳಿಗೆ ಮಾತ್ರ ವಿನಾಯಿತಿ. ಅಂದರೆ ಇಲ್ಲಿ ಅಂಗಡಿಯಲ್ಲಿ ಬೀಫ್ ಅಂತ ಸಿಗುವುದು ವಯಸ್ಸಾದ ಎಮ್ಮೆ ಅಥವಾ ಕೋಣದ ಮಾಂಸ. ಇದು ಅಡುಗೆಗೂ ಸಂಬಂಧಪಟ್ಟ ವಿಷಯ. ಪ್ರಾಣಿಗೆ ವಯಸ್ಸಾದಷ್ಟೂ ಮಾಂಸದ ಎಳೆಗಳ ನಡುವಿನ ಬಿಳಿ ಜಾಲ, ಅಂದರೆ ಕೊಲಾಜೆನ್, ಗಟ್ಟಿಯಾಗುತ್ತಾ ಹೋಗುತ್ತದೆ. ಎಮ್ಮೆ ಮಾಂಸದಲ್ಲಿ ಕೊಬ್ಬೂ ಕಡಿಮೆ. ಹಾಗಾಗಿ ವಿದೇಶದ ವಿಡಿಯೊ ನೋಡಿಕೊಂಡು ‘ಎರಡು ಗಂಟೆ ನೆನೆಸಿ, ಒಂದು ಗಂಟೆ ಓವನ್‌ನಲ್ಲಿಡಿ’ ಅಂತ ಮಾಡಿದರೆ ಹಲ್ಲಿಗೆ ಕೆಲಸ, ನಾಲಿಗೆಗೆ ರಜೆ.

ರೋಸ್ಟ್‌ಗೆ ತೊಡೆಯ ಅಥವಾ ಭುಜದ ಮಾಂಸ ಕೇಳಿ. ಮೂಳೆ ಇಲ್ಲದ ಒಂದೇ ತುಂಡು ಬೇಕು, ಸುಮಾರು ಒಂದು ಕಿಲೋ. ಅಂಗಡಿಯವರ ಪಾಡಿಗೆ ಬಿಟ್ಟರೆ ಅಭ್ಯಾಸಬಲದಿಂದ ಸಾರಿಗೆ ಕತ್ತರಿಸಿಬಿಡುತ್ತಾರೆ. ‘ಪೀಸ್ ಮಾಡಬೇಡಿ, ರೋಸ್ಟ್‌ಗೆ’ ಅಂತ ಮೊದಲೇ ಹೇಳಿ. ಅಂಡರ್‌ಕಟ್ ಸಿಕ್ಕರೆ ಖುಷಿ, ಆದರೆ ಅದನ್ನು ಈ ಅಡುಗೆಗೆ ಹಾಕುವುದು ದಂಡ. ಅದು ಬೇಗ ಬೇಯುವ ಮೃದು ಮಾಂಸ. ತಾಸುಗಟ್ಟಲೆ ಬೇಯಿಸಿದರೆ ಒಣಗಿ ಹೋಗುತ್ತದೆ. ಗಲ್ಫ್, ಇಂಗ್ಲೆಂಡ್, ಅಮೆರಿಕದಲ್ಲಿರುವವರು ಚಕ್, ಸಿಲ್ವರ್‌ಸೈಡ್ ಅಥವಾ ಬ್ರಿಸ್ಕೆಟ್ ತೆಗೆದುಕೊಳ್ಳಬಹುದು.

ತೊಳೆದ ಮೇಲೆ ನೀರು ಬಸಿದು ಒಣ ಬಟ್ಟೆಯಲ್ಲೋ ಟಿಶ್ಯೂ ಪೇಪರ್‌ನಲ್ಲೋ ಚೆನ್ನಾಗಿ ಒತ್ತಿ ಒರೆಸಿ. ಮೇಲಿರುವ ಬೆಳ್ಳಿಯಂಥ ತೆಳು ಪೊರೆಯನ್ನು ಚಾಕುವಿನಿಂದ ಎಬ್ಬಿಸಿ ತೆಗೆಯಿರಿ. ಅದು ಬೆಂದರೂ ಕರಗುವುದಿಲ್ಲ, ಉಪ್ಪು ಮಸಾಲೆಗಳನ್ನೂ ಒಳಗೆ ಬಿಡುವುದಿಲ್ಲ.

ಒಂದು ಕಿಲೋಗೆ ಅಳತೆ

ಹನ್ನೆರಡು ಎಸಳು ಬೆಳ್ಳುಳ್ಳಿ, ಎರಡು ಇಂಚು ಶುಂಠಿ, ಎರಡು ಟೀ ಚಮಚ ಕಾಳುಮೆಣಸು, ಒಂದು ಟೀ ಚಮಚ ಜೀರಿಗೆ, ಐದು ಲವಂಗ, ಒಂದು ಇಂಚು ಚಕ್ಕೆ, ಅರ್ಧ ಟೀ ಚಮಚ ಅರಿಶಿನ. ಬಣ್ಣ ಬೇಕಿದ್ದರೆ ಬೀಜ ತೆಗೆದ ನಾಲ್ಕು ಬ್ಯಾಡಗಿ ಮೆಣಸಿನಕಾಯಿ. ಮೂರು ದೊಡ್ಡ ಚಮಚ ಕಳ್ಳಿನ ವಿನೆಗರ್, ಎರಡು ದೊಡ್ಡ ಚಮಚ ತೆಂಗಿನೆಣ್ಣೆ, ಎರಡು ಟೀ ಚಮಚ ಪುಡಿ ಉಪ್ಪು, ಅರ್ಧ ಟೀ ಚಮಚ ಸಕ್ಕರೆ. ಇಷ್ಟೇ.

ಕಾಳುಮೆಣಸು, ಜೀರಿಗೆ, ಲವಂಗ, ಚಕ್ಕೆಗಳನ್ನು ಒಣ ಬಾಣಲೆಯಲ್ಲಿ ಘಮ ಬರುವಷ್ಟು ಮಾತ್ರ ಬಿಸಿ ಮಾಡಿ. ಕಪ್ಪಾಗಬಾರದು. ಕಾಳುಮೆಣಸಿನ ಅರ್ಧ ಭಾಗವನ್ನು ಕುಟ್ಟಿ ತರಿತರಿಯಾಗಿ ಬೇರೆ ಇಡಿ. ಉಳಿದದ್ದನ್ನು ಬೆಳ್ಳುಳ್ಳಿ, ಶುಂಠಿ, ಮೆಣಸಿನಕಾಯಿ, ಅರಿಶಿನದ ಜೊತೆ ವಿನೆಗರ್ ಹಾಕಿ ಅರೆಯಿರಿ. ನೀರು ಹಾಕಬೇಡಿ. ಮಿಕ್ಸಿ ತಿರುಗದಿದ್ದರೆ ಇನ್ನೊಂದು ಚಮಚ ವಿನೆಗರ್ ಸೇರಿಸಿ. ಕೊನೆಗೆ ಉಪ್ಪು, ಸಕ್ಕರೆ, ಎಣ್ಣೆ, ತರಿ ಮೆಣಸು ಕಲಸಿ. ದೋಸೆ ಹಿಟ್ಟಿಗಿಂತ ಗಟ್ಟಿಯಾಗಿ, ಮಾಂಸಕ್ಕೆ ಅಂಟಿ ನಿಲ್ಲುವ ಹಾಗಿರಬೇಕು.

ಮನೆಯಲ್ಲಿ ಬಾಫಾತ್ ಪುಡಿ (ಮಂಗಳೂರು ಕ್ರೈಸ್ತರ ಮಸಾಲೆ ಪುಡಿ) ಇದ್ದವರು ಒಣ ಮಸಾಲೆಯ ಬದಲು ಒಂದೂವರೆ ದೊಡ್ಡ ಚಮಚ ಅದನ್ನೇ ಹಾಕಬಹುದು. ನನಗೆ ಅದಕ್ಕಿಂತ ಬರೀ ಕಾಳುಮೆಣಸಿನ ರೋಸ್ಟ್ ಇಷ್ಟ. ಬಾಫಾತ್ ಹಾಕಿದರೆ ಎಲ್ಲವೂ ಬಾಫಾತ್‌ನ ಹಾಗೇ ರುಚಿಸುತ್ತದೆ ಅಲ್ವಾ!

ಉಪ್ಪಿನ ಲೆಕ್ಕ

ಇಡೀ ಮ್ಯಾರಿನೇಡ್‌ನಲ್ಲಿ ಮಾಂಸದ ಒಳಗೆ ನಿಜವಾಗಿ ಇಳಿಯುವುದು ಉಪ್ಪು ಒಂದೇ. ಬೆಳ್ಳುಳ್ಳಿ, ಲವಂಗ, ಮೆಣಸಿನ ಪರಿಮಳ ಹೊರಗಿನ ಕೆಲವು ಮಿಲಿಮೀಟರ್ ದಾಟುವುದಿಲ್ಲ, ಎರಡು ದಿನ ಇಟ್ಟರೂ ಅಷ್ಟೇ. ಉಪ್ಪು ಹಾಗಲ್ಲ. ಮೊದಲು ಮಾಂಸದಿಂದ ನೀರನ್ನು ಹೊರಗೆ ಎಳೆಯುತ್ತದೆ. ಆ ನೀರಿನಲ್ಲಿ ತಾನೇ ಕರಗುತ್ತದೆ. ಆಮೇಲೆ ನಿಧಾನಕ್ಕೆ ಒಳಗೆ ಹೋಗುತ್ತದೆ. ಹೋಗುತ್ತಾ ಮಾಂಸದ ಪ್ರೋಟೀನ್‌ಗಳ ಹಿಡಿತವನ್ನು ಸಡಿಲ ಮಾಡುತ್ತದೆ. ಅದರಿಂದಾಗಿ ಬೇಯುವಾಗ ರಸ ಹೊರಗೆ ಸೋರುವುದು ಕಡಿಮೆಯಾಗುತ್ತದೆ. ನೆನೆಸಿಟ್ಟ ಮಾಂಸ ‘ಜ್ಯೂಸಿ’ ಆಗಿರುವುದಕ್ಕೆ ಇದೇ ಕಾರಣ, ವಿನೆಗರ್ ಅಲ್ಲ.

ಆದ್ದರಿಂದ ಉಪ್ಪನ್ನು ಕಣ್ಣಳತೆಗೆ ಬಿಡಬೇಡಿ. ಮೂಳೆ ಇಲ್ಲದ ಮಾಂಸದ ತೂಕದ ಶೇ 1.2ರಷ್ಟು ಸರಿಯಾಗುತ್ತದೆ. ಒಂದು ಕಿಲೋಗೆ 12 ಗ್ರಾಂ, ಪುಡಿ ಉಪ್ಪಾದರೆ ಎರಡು ಸಮತಟ್ಟಾದ ಟೀ ಚಮಚ. ಕಲ್ಲುಪ್ಪನ್ನು ಚಮಚದಲ್ಲಿ ಅಳೆದರೆ ಲೆಕ್ಕ ತಪ್ಪುತ್ತದೆ, ತೂಕ ಮಾಡಿ ಅಥವಾ ಪುಡಿ ಮಾಡಿ ಅಳೆಯಿರಿ. ಬೆಂಗಳೂರಿನ ಆಂಗ್ಲೋ ಇಂಡಿಯನ್ ಮನೆಗಳ ರುಚಿ ಬೇಕೆಂದು ಸೋಯಾ ಸಾಸ್ ಹಾಕುವವರೂ ಇದ್ದಾರೆ. ಆಗ ಉಪ್ಪು ಕಡಿತ ಮಾಡಲೇಬೇಕು. ಒಂದು ದೊಡ್ಡ ಚಮಚ ಸೋಯಾ ಸಾಸ್‌ನಲ್ಲಿ ಹತ್ತಿರಹತ್ತಿರ ಅರ್ಧ ಟೀ ಚಮಚ ಉಪ್ಪು ಇರುತ್ತದೆ.

ಹುಳಿ ಎಷ್ಟು?

ವಿನೆಗರ್ ಜಾಸ್ತಿ ಹಾಕಿದರೆ ಬೇಗ ಮೆತ್ತಗಾಗುತ್ತದೆ ಅನ್ನುವ ನಂಬಿಕೆ ಎಲ್ಲ ಕಡೆಯೂ ಇದೆ. ಆಗುವುದು ಬೇರೆ. ಹುಳಿ ಜಾಸ್ತಿಯಾದರೆ ಹೊರಗಿನ ಪದರ ಬಣ್ಣಗೆಡುತ್ತದೆ, ಬೆಂದಾಗ ಹಿಟ್ಟುಹಿಟ್ಟಾಗುತ್ತದೆ. ಒಳಗೆ ಮಾತ್ರ ಮೊದಲಿನ ಹಾಗೇ ಗಟ್ಟಿ. ಕಿಲೋಗೆ ಮೂರರಿಂದ ನಾಲ್ಕು ದೊಡ್ಡ ಚಮಚ ಸಾಕು.

ಅಂಗಡಿಯಲ್ಲಿ ಬಾಟಲಿ ತಿರುಗಿಸಿ ಓದಿ. ‘ಸಿಂಥೆಟಿಕ್’ ಅಂತ ಬರೆದಿದ್ದರೆ ಅದು ಅಸಿಟಿಕ್ ಆಮ್ಲಕ್ಕೆ ನೀರು ಬೆರೆಸಿದ್ದು. ಹುಳಿ ಇರುತ್ತದೆ, ಪರಿಮಳ ಇರುವುದಿಲ್ಲ. ಕಳ್ಳಿನ ವಿನೆಗರ್‌ಗೆ ಸ್ವಲ್ಪ ಸಿಹಿಯ, ಸ್ವಲ್ಪ ಹುಳಿ ಹಣ್ಣಿನ ವಾಸನೆ ಇದೆ. ಸಿಗದಿದ್ದರೆ ಆಪಲ್ ಸೈಡರ್ ವಿನೆಗರ್ ಅಥವಾ ಮಾಲ್ಟ್ ವಿನೆಗರ್ ಪರವಾಗಿಲ್ಲ. ನಿಂಬೆಹಣ್ಣಿನ ರಸವೂ ಆಗುತ್ತದೆ, ಆದರೆ ತುಂಬ ಹೊತ್ತು ಬೆಂದರೆ ಅದರ ತಾಜಾ ವಾಸನೆ ಹೊರಟುಹೋಗುತ್ತದೆ. ಕೊಡಗಿನ ಕಪ್ಪು ಹುಳಿ ಕಾಚಂಪುಳಿ ಇದೆಯಲ್ಲ ಅಂತ ಕೇಳುವವರಿಗೆ ಒಂದು ಮಾತು. ಅಲ್ಲಿನ ಹಂದಿ ಮಾಂಸದ ಪಂದಿ ಕರಿಯಲ್ಲೂ ಅದನ್ನು ಸಾಮಾನ್ಯವಾಗಿ ಬೆಂದ ಮೇಲೆ ಕೊನೆಯಲ್ಲೇ ಹಾಕುವುದು. ಇಲ್ಲೂ ಬೇಕಿದ್ದರೆ ಗ್ರೇವಿಗೆ ಕೆಲವು ಹನಿ ಹಾಕಿ, ಮ್ಯಾರಿನೇಡ್‌ಗೆ ಬೇಡ.

ಮೊಸರಿನ ಹುಳಿ ಮೆದು. ಅದು ಮಾಂಸವನ್ನು ವಿನೆಗರ್‌ನಷ್ಟು ಬೇಗ ಕೆಡಿಸುವುದಿಲ್ಲ. ಆದರೆ ರೋಸ್ಟ್ ಮಾಡುವಾಗ ಮೊಸರು ತಳ ಹಿಡಿಯುತ್ತದೆ. ಅದನ್ನು ಕಬಾಬ್‌ಗೆ, ಬಿರಿಯಾನಿಗೆ ಇಟ್ಟುಕೊಳ್ಳುವುದು ಒಳ್ಳೆಯದು.

ಪರಂಗಿ ಕಾಯಿಯದು ಹುಳಿಯ ಕೆಲಸವಲ್ಲ. ಅದರ ಹಾಲಿನಲ್ಲಿರುವ ಪಪೈನ್ ಎಂಬ ಕಿಣ್ವ ಪ್ರೋಟೀನನ್ನೇ ಕತ್ತರಿಸುತ್ತದೆ. ಫ್ರಿಜ್‌ನ ತಣ್ಣಗಿನಲ್ಲಿ ಅದು ಮಂದ. ಒಲೆಯ ಮೇಲಿಟ್ಟ ಮೇಲೆ, ಮಾಂಸ 60–70 ಡಿಗ್ರಿ ಸೆಲ್ಸಿಯಸ್ ಬಿಸಿಯಾಗುವಾಗ ಜೋರು. ಸೀಖ್ ಕಬಾಬ್‌ನ ತೆಳು ತುಂಡುಗಳಿಗೆ ಸೊಗಸು. ಒಂದು ಕಿಲೋದ ಮುದ್ದೆ ಮಾಂಸಕ್ಕೆ ಹಾಕಿದರೆ ಮೇಲ್ಮೈ ಮಾತ್ರ ಗಂಜಿಯಾಗುತ್ತದೆ. ಅನಾನಸ್ ಕೂಡ ಹೀಗೆಯೇ, ಅದೂ ತಾಜಾ ಹಣ್ಣಾದರೆ. ಡಬ್ಬಿಯ ಅನಾನಸ್‌ನಲ್ಲಿ ಕಿಣ್ವ ಕುದಿಸುವಾಗಲೇ ಸತ್ತಿರುತ್ತದೆ.

ಹಚ್ಚುವುದು, ಕಾಯುವುದು

ಮಾಂಸವನ್ನು ಫೋರ್ಕ್‌ನಿಂದ ಎಲ್ಲ ಕಡೆ ಆಳವಾಗಿ ಚುಚ್ಚಿ. ಕರಾವಳಿಯ ಅಡುಗೆಮನೆಗಳಲ್ಲಿ ತಪ್ಪದೆ ಮಾಡುವ ಕೆಲಸ ಇದು. ಮಸಾಲೆ ಒಳಗೆ ಹೋಗಲು ಇರುವ ಒಂದೇ ದಾರಿಯೂ ಇದೇ. ನಾಲ್ಕೈದು ಕಡೆ ಚಾಕುವಿನ ತುದಿಯಿಂದ ಸೀಳಿ ಬೆಳ್ಳುಳ್ಳಿ ಎಸಳು, ಒಂದೊಂದು ಕಾಳುಮೆಣಸು ತುರುಕಬಹುದು. ಆದರೆ ಮಾಂಸವನ್ನು ಒಳಗೆ ಕೆಂಪಗೆ ಉಳಿಸಿ ತಿನ್ನುವವರು ಚುಚ್ಚಬೇಡಿ. ಮೇಲಿನ ಬ್ಯಾಕ್ಟೀರಿಯಾ ಫೋರ್ಕ್‌ನ ಜೊತೆ ಒಳಗೆ ಹೋಗುತ್ತದೆ. ಅರ್ಧ ಬೆಂದ ಮಾಂಸದಲ್ಲಿ ಅದು ಉಳಿದುಬಿಡಬಹುದು. ನಮ್ಮ ರೋಸ್ಟ್ ಪೂರ್ತಿ ಬೇಯುವುದರಿಂದ ಆ ಭಯ ಇಲ್ಲ.

ಮಸಾಲೆಯನ್ನು ಸುಮ್ನೆ ಸುರಿಯಬೇಡಿ. ಕೈಯಲ್ಲಿ ತಿಕ್ಕಿ ತಿಕ್ಕಿ ಹಚ್ಚಿ. ಗಾಜು, ಸ್ಟೀಲ್ ಅಥವಾ ಪಿಂಗಾಣಿ ಪಾತ್ರೆ ಆಗಬಹುದು. ಅಲ್ಯೂಮಿನಿಯಂ ಬೇಡ, ವಿನೆಗರ್ ಅದನ್ನು ಕೊರೆಯುತ್ತದೆ. ಜಿಪ್ ಇರುವ ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ತೆಗೆದು ಮುಚ್ಚಿಟ್ಟರೆ ಇನ್ನೂ ಅನುಕೂಲ, ಕಡಿಮೆ ಮಸಾಲೆ ಸಾಕಾಗುತ್ತದೆ.

ಫ್ರಿಜ್‌ನ ಕೆಳಗಿನ ತಟ್ಟೆಯಲ್ಲಿಡಿ, ರಸ ಸೋರಿದರೂ ತರಕಾರಿಯ ಮೇಲೆ ಬೀಳಬಾರದು. ಹನ್ನೆರಡು ಗಂಟೆ ಕನಿಷ್ಠ, ಇಪ್ಪತ್ತನಾಲ್ಕು ಗಂಟೆ ಚೆಂದ. ಎರಡು ದಿನಕ್ಕಿಂತ ಜಾಸ್ತಿ ಬೇಡ. ಮಧ್ಯೆ ಒಂದೆರಡು ಸಲ ತಿರುಗಿಸಿ. ‘ವಿನೆಗರ್ ಹಾಕಿದೆಯಲ್ಲ, ಹೊರಗೇ ಇರಲಿ’ ಅನ್ನುವ ಹಳೆಯ ಧೈರ್ಯ ಬೇಡ. ಮೂರು ಚಮಚ ವಿನೆಗರ್ ಒಂದು ಕಿಲೋ ಮಾಂಸವನ್ನು ಮಂಗಳೂರಿನ ಸೆಕೆಯಲ್ಲಿ ಕಾಯುವುದಿಲ್ಲ.

ಒಲೆಯ ಮೇಲೆ

ಬೇಯಿಸುವ ಮುಕ್ಕಾಲು ಗಂಟೆ ಮೊದಲು ಹೊರಗೆ ತೆಗೆಯಿರಿ. ಈಗ ಬಹಳ ಮಂದಿ ಬಿಟ್ಟುಬಿಡುವ ಹೆಜ್ಜೆ. ಮೇಲಿನ ಮಸಾಲೆಯನ್ನು ಚಮಚದಿಂದ ಕೆರೆದು ಬೇರೆ ಬಟ್ಟಲಿಗೆ ಹಾಕಿ, ಮಾಂಸವನ್ನು ಒರೆಸಿ. ಒದ್ದೆ ಮಾಂಸ ಬಾಣಲೆಯಲ್ಲಿ ಹುರಿಯುವುದಿಲ್ಲ, ಬೇಯುತ್ತದೆ. ನೀರು ಇರುವ ತನಕ ಮೇಲ್ಮೈ 100 ಡಿಗ್ರಿ ದಾಟುವುದಿಲ್ಲ. ಕಂದು ಬಣ್ಣ, ಹುರಿದ ಪರಿಮಳ ಬರಬೇಕಾದರೆ 140 ಡಿಗ್ರಿ ಆಸುಪಾಸು ಬೇಕು. ಬೆಳ್ಳುಳ್ಳಿ, ಸಕ್ಕರೆ ಮೇಲೆಯೇ ಉಳಿದಿದ್ದರೆ ಮಾಂಸಕ್ಕಿಂತ ಮೊದಲು ಅವೇ ಸೀದು ಕಹಿಯಾಗುತ್ತವೆ.

ದಪ್ಪ ತಳದ ಕುಕ್ಕರ್‌ನಲ್ಲಿ ಎರಡು ಚಮಚ ಎಣ್ಣೆ ಕಾಯಿಸಿ, ಮಾಂಸವನ್ನು ಎಲ್ಲ ಬದಿಯೂ ಕಂದಾಗುವ ತನಕ ಹುರಿಯಿರಿ. ಪದೇ ಪದೇ ತಿರುಗಿಸಬೇಡಿ, ಒಂದೊಂದು ಬದಿಗೆ ಮೂರು ನಾಲ್ಕು ನಿಮಿಷ ಕೊಡಿ. ಮಾಂಸ ತೆಗೆದು ಅದೇ ಎಣ್ಣೆಯಲ್ಲಿ ಎರಡು ದೊಡ್ಡ ಈರುಳ್ಳಿ ಹುರಿದು, ಕೆರೆದಿಟ್ಟ ಮಸಾಲೆ ಹಾಕಿ ಹಸಿ ವಾಸನೆ ಹೋಗುವಷ್ಟು ಬಾಡಿಸಿ. ಒಂದು ಲೋಟ ಬಿಸಿ ನೀರು, ಮಾಂಸ, ಮುಚ್ಚಳ. ಒಂದು ಸೀಟಿ ಬಂದ ಮೇಲೆ ಉರಿ ತೀರಾ ಸಣ್ಣ ಮಾಡಿ. ಎಮ್ಮೆ ಮಾಂಸಕ್ಕೆ 40–50 ನಿಮಿಷ ಬೇಕು. ಸೀಟಿ ಎಣಿಸುವುದು ಬಿಟ್ಟು ಗಡಿಯಾರ ನೋಡಿ. ಆ ಗಟ್ಟಿ ಕೊಲಾಜೆನ್ ಕರಗಿ ಜೆಲಾಟಿನ್ ಆಗುವುದು ಈ ಹೊತ್ತಿನಲ್ಲೇ. ಫೋರ್ಕ್ ಚುಚ್ಚಿ ತಿರುಗಿಸಿದರೆ ಎಳೆ ಬಿಡಿಸಿಕೊಳ್ಳಬೇಕು. ಬಿಡದಿದ್ದರೆ ಇನ್ನೂ ಹತ್ತು ನಿಮಿಷ. ಓವನ್ ಇರುವವರು ಭಾರದ ಮುಚ್ಚಳದ ಪಾತ್ರೆಯಲ್ಲಿ 150 ಡಿಗ್ರಿಯಲ್ಲಿ ಮೂರು ಗಂಟೆ ಇಡಿ. ಆಮೇಲೆ ಹೀಗೆಯೇ ಪರೀಕ್ಷಿಸಿ.

ಕೆರೆದಿಟ್ಟ ಮಸಾಲೆಗೆ ಹಸಿ ಮಾಂಸ ಸೋಕಿರುತ್ತದೆ. ಅದನ್ನು ಕುದಿಸದೆ ಸಾಸ್ ಹಾಗೆ ಮೇಲೆ ಸುರಿಯುವುದು, ಉಳಿದದ್ದನ್ನು ಇನ್ನೊಂದು ಮಾಂಸಕ್ಕೆ ಎತ್ತಿಡುವುದು ಎರಡೂ ಬೇಡ.

ಬೆಂದ ತುಂಡನ್ನು ಕನಿಷ್ಠ ಇಪ್ಪತ್ತು ನಿಮಿಷ ಆರಲು ಬಿಡಿ. ಎಳೆಗಳು ಯಾವ ಕಡೆ ಓಡುತ್ತವೆ ನೋಡಿ, ಅದಕ್ಕೆ ಅಡ್ಡವಾಗಿ ಕತ್ತರಿಸಿ. ಉದ್ದಕ್ಕೆ ಕತ್ತರಿಸಿದರೆ ಇಷ್ಟೆಲ್ಲ ಮಾಡಿಯೂ ಬಾಯಲ್ಲಿ ನಾರು. ಕುಕ್ಕರ್‌ನಲ್ಲಿ ಉಳಿದ ರಸವನ್ನು ಮುಚ್ಚಳ ತೆಗೆದು ಅರ್ಧಕ್ಕೆ ಇಳಿಯುವ ತನಕ ಕುದಿಸಿ, ಹುರಿದ ಆಲೂಗಡ್ಡೆ ಸೇರಿಸಿ, ಹೋಳುಗಳ ಮೇಲೆ ಹಾಕಿ. ಪುಲಾವ್ ಜೊತೆಗೂ ಸರಿ, ಬ್ರೆಡ್ ಜೊತೆಗೂ ಸರಿ. ಹಬ್ಬದ ಊಟಕ್ಕಾದರೆ ಹಿಂದಿನ ದಿನವೇ ಬೇಯಿಸಿ, ಆರಿಸಿ, ಇಡೀ ತುಂಡನ್ನೇ ಫ್ರಿಜ್‌ನಲ್ಲಿಡಿ. ತಣ್ಣಗಿರುವಾಗ ಹೋಳು ಪುಡಿಯಾಗದೆ ತೆಳ್ಳಗೆ ಬರುತ್ತದೆ. ಬಡಿಸುವ ಮೊದಲು ಗ್ರೇವಿಯಲ್ಲಿ ಬಿಸಿ ಮಾಡಿದರೆ ಸಾಕು.